ಎಲ್ಲ ಕಾರ್ಡಿಗೂ ಒಂದೇ ಡ್ರೈವರ್

ಮಂಗಳವಾರ, ಬೆಳಿಗ್ಗೆ ಐದು ಗಂಟೆ ಐವತ್ತು ನಿಮಿಷ. ಸ್ಥಳ: ಬಂಗಾರಪೇಟೆ ಹತ್ತಿರದ ನಮ್ಮ ಹಾಲು ಸಂಗ್ರಹ ಕೇಂದ್ರ. ಹಾಜರಿದ್ದವರು: ಕಿಟಕಿಯ ಒಳಗೆ, ಅಳತೆ-ಲೆಕ್ಕ ನೋಡಿಕೊಳ್ಳುವ ನಾನು; ಹೊರಗೆ, ಸಾಲಿನ ಮೊದಲಲ್ಲಿ, ಕಾಮಸಮುದ್ರದ ರಸ್ತೆಯ ಹಳ್ಳಿಯಿಂದ ಕ್ಯಾನು ಹೊತ್ತು ಬಂದ ಮುನಿಯಮ್ಮ. ಉಳಿದವರು ಎಂದಿನಂತೆ ತಡ.

ಹೊತ್ತಿಗೆ ಸರಿಯಾಗಿ ಬಾರದವರ ಮೇಲೆ ನನಗೆ ಗೌರವವಿಲ್ಲ. ಕೋಲಾರ ಚಿನ್ನದ ಗಣಿಯ ಮೈಸೂರು ಮೈನ್ಸಿನ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಸೈರನ್ನಿಗೆ ಎದ್ದು, ಸೈರನ್ನಿಗೆ ಉಂಡವನು ನಾನು. ನಿವೃತ್ತನಾದ ಮೇಲೆ, ತೊಂಬತ್ತರ ದಶಕದ ನಡುವಿನಲ್ಲಿ, ಕಂಪ್ಯೂಟರ್ ಕಲಿತೆ. ಈ ವಯಸ್ಸಿನಲ್ಲಿ ಏಕೆ ಎಂದು ಕೇಳಿದವರಿಗೆ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಜೀವಿ ಮನೆಯಲ್ಲಿ ಒಂದೂ ಇಲ್ಲವಲ್ಲ, ಅದಕ್ಕೆ ಎನ್ನುತ್ತಿದ್ದೆ. ಮನೆಯವರು ಆ ಮಾತಿಗೆ ಇವತ್ತಿಗೂ ನಕ್ಕಿಲ್ಲ.

ಕೇಂದ್ರದಲ್ಲಿ ಹಾಲಿನ ಕೊಬ್ಬು ಅಳೆಯುವ ಯಂತ್ರವಿತ್ತು. ಅದು ಅಳೆದದ್ದನ್ನು ಕಂಪ್ಯೂಟರಿಗೆ ಮುಟ್ಟಿಸುವುದು ಒಂದು ಕಾರ್ಡು. ಆ ಕಾರ್ಡನ್ನು ಮಾತನಾಡಿಸುವ ಪ್ರೋಗ್ರಾಮಿಗೆ ಡ್ರೈವರ್ ಎಂದು ಹೆಸರು. ನಾನು ಬರೆದ ಡ್ರೈವರ್ ಎಲ್ಲ ಕಾರ್ಡಿಗೂ ಒಂದೇ. ಪ್ರಶ್ನೆ ಕೇಳು, ಉತ್ತರ ಓದು, ಮುಗಿಯಿತು. ಹಾಲಿನ ಯಂತ್ರಕ್ಕೊಂದು, ತಕ್ಕಡಿಗೊಂದು, ತಂಪಿನ ಟ್ಯಾಂಕಿಗೊಂದು ಎಂದು ಬೇರೆ ಬೇರೆ ಬರೆಯುವುದು ನಿಯಮ ಗೊತ್ತಿಲ್ಲದವರ ಕೆಲಸವೆಂದು ನನ್ನ ನಂಬಿಕೆ. ನಿಯಮ ಗೊತ್ತಿದ್ದವನಿಗೆ ಒಂದು ಸಾಕು.

ಹಳೆಯ ಕಾರ್ಡು ಸುಟ್ಟುಹೋಗಿ, ಶನಿವಾರ ಹೊಸದು ಬಂತು. ತಂದವನು ಗಣಿ ಊರಿನ ಕೋರಮಂಡಲ್ ಕಡೆಯ ಸೆಲ್ವರಾಜ್, ರಿಪೇರಿ ಅಂಗಡಿಯವನು, ನನ್ನಷ್ಟೇ ನರೆತ ತಲೆ.

"ಸಾರ್, ಇದು ಅಗ್ಗದ್ದು. ಸ್ವಲ್ಪ ಒಂಥರಾ ಸಾರ್. ಇದಕ್ಕೆ ತನಿಯಾ, ಬೇರೇನೇ ಒಂದು ಡ್ರೈವರ್ ಬರೀಬೇಕಾಗ್ತದೆ, ಎರಡು ದಿನ ಕೊಡಿ."

"ಒಂಥರಾ ಅಂದರೆ ಏನಪ್ಪ? ಕಾರ್ಡೇ ಅಥವಾ ಹೊಸ ಅಳಿಯನೇ? ಬೇರೆ ಕಾರ್ಡುಗಳಿಗೆ ಇರುವ ಶಿಸ್ತು ಇದಕ್ಕೂ ಇರಲಿ."

"ಕಾರ್ಡ್‌ಗೆ ಶಿಸ್ತು ಹೇಳ್ಕೊಡೋಕಾಗುತ್ತಾ, ಸಾರ್?" ಎಂದ. ಅವನಿಗೆ ಕಾಫಿ ಕುಡಿಸಿ ಕಳಿಸಿದೆ. ನನ್ನ ಡ್ರೈವರನ್ನೇ ಹಾಕಿದೆ. ಅಂಕಿ ಬಂತು. ಅಂಕಿ ಬಂದರೆ ಕೆಲಸ ಆಯಿತು ಎಂದರ್ಥ; ಜಗತ್ತಿನಲ್ಲಿ ಅರ್ಧ ಜನ ಬದುಕುವುದೇ ಹೀಗೆ, ನಾನು ಮಾತ್ರ ಹಾಗಲ್ಲ ಎಂದುಕೊಂಡಿದ್ದೆ.

ಭಾನುವಾರ ಮುನಿಯಮ್ಮನ ಹಾಲಿಗೆ ಕೊಬ್ಬು ಕಡಿಮೆ, ನೀರು ಎಂದು ಬಂತು. ಕೆಂಪು ಚೀಟಿ ಬರೆದೆ. ಸೋಮವಾರ ಮತ್ತೆ ನೀರು, ಎರಡನೆಯ ಚೀಟಿ. ಮೂರು ಚೀಟಿ ಬಿದ್ದರೆ ಆ ಮನೆಯ ಹಾಲು ಕೇಂದ್ರಕ್ಕೆ ಬೇಡ, ಇದು ನಿಯಮ. ಆಕೆಯ ಮನೆ ನಡೆಯುವುದೇ ಎರಡು ಹಸುವಿನ ಮೇಲೆ. ನನಗೆ ಕನಿಕರ ಬರಲಿಲ್ಲ, ತಿರಸ್ಕಾರ ಬಂತು. ದಿನಾ ಮೊದಲು ಬರುವವಳೆಂದು ಎಲ್ಲರೆದುರು ಹೊಗಳಿದ್ದೆನಲ್ಲ, ನೀರು ಬೆರೆಸುವುದಕ್ಕೂ ಬೇಗ ಏಳುತ್ತಾಳೆ ಎಂದುಕೊಂಡೆ.

ಇನ್ನೊಂದು ಅಶಿಸ್ತು ಬೇರೆ. ಎಮ್ಮೆ ಸಾಕಿದ ಪಿಳ್ಳಪ್ಪನ ಹಿಂದೆ ನಿಲ್ಲಲು ಸಾಲಿನಲ್ಲಿ ತಳ್ಳಾಟ. "ಪಿಳ್ಳಣ್ಣನ ಇಂದೆ ನಿಂತ್ರೆ ನಂಬರ್ ಚೆನ್ನಾಗ್ ಬತ್ತದೆ ಕಣ್ಲಾ, ಆ ಕಡೆ ಸರಿ!" ಎಂದು ಒಬ್ಬ ಇನ್ನೊಬ್ಬನ ಕ್ಯಾನು ಸರಿಸುತ್ತಿದ್ದ. ಪಿಳ್ಳಪ್ಪನೋ, "ನನ್ ಎಮ್ಮೆಗೇನ್ ಬಂತೋ ರೋಗ, ಅಸೀನ ಆಲ್ಗಿಂತ ಕಮ್ಮಿ ಕೊಡ್ತದೆ" ಎಂದು ಗೊಣಗುತ್ತಿದ್ದ. ಮೂಢನಂಬಿಕೆ ಎಂದು ಎಲ್ಲರನ್ನೂ ಗದರಿಸಿದೆ.

ಮಂಗಳವಾರಕ್ಕೆ ಬರುತ್ತೇನೆ. ಕಿಟಕಿ ತೆಗೆಯುವ ಮೊದಲು ನನ್ನದೊಂದು ನೇಮವಿದೆ. ಮನೆಯಿಂದ ತಂದ ಒಂದು ಲೋಟ ಹಾಲಿಗೆ ಒಂದು ಲೋಟ ನೀರು ಬೆರೆಸಿ, ಯಂತ್ರ ಕಳ್ಳತನ ಹಿಡಿಯುತ್ತದೆಯೇ ಎಂದು ನೋಡುವುದು. ಆ ದಿನ ಮೊದಲ ಸಲ ಯಂತ್ರ "ಒಳ್ಳೆಯ ಹಾಲು" ಎಂದಿತು. ಎರಡನೆಯ ಸಲ "ನೀರು" ಎಂದಿತು. ಭಾನುವಾರ, ಸೋಮವಾರವೂ ಹೀಗೇ ಆಗಿತ್ತು. ಬೆಳಗಿನ ಚಳಿಗೆ ಯಂತ್ರ ಇನ್ನೂ ಎಚ್ಚರಾಗಿರುವುದಿಲ್ಲ ಎಂದು ಎರಡನೆಯದನ್ನೇ ಬರೆದುಕೊಂಡಿದ್ದೆ. ಈಗಲೂ ಬರೆದುಕೊಂಡೆ. ಸರಿಯಾಗಿ ಆರಕ್ಕೆ ಕಿಟಕಿಯ ಗಾಜು ಸರಿಸಿದೆ. ಮುನಿಯಮ್ಮನ ಹಾಲು ಸುರಿದೆ. ನೀರು.

ಕೆಂಪು ಚೀಟಿಯ ಪುಸ್ತಕ ಎಳೆದುಕೊಂಡು ಆಕೆಯ ಹೆಸರು ಬರೆದೆ.

"ಸಾಮಿ, ನಮ್ ಅಸೀನ ಆಣೆ, ಒಂದ್ ತೊಟ್ಟು ನೀರ್ ಆಕಿಲ್ಲ."

"ಎಲ್ಲರೂ ಹೀಗೇ ಹೇಳುತ್ತಾರಮ್ಮ. ಯಂತ್ರ ಸುಳ್ಳು ಹೇಳುವುದಿಲ್ಲ."

ಆಕೆ ಅಳಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡು ಹೇಳಿದಳು: "ಮೂರ್ ದಿನದಿಂದ ಇಲ್ಲೇ ನಿಂತ್ ನೋಡ್ತಾ ಇವ್ನಿ ಸಾಮಿ. ನೀವ್ ನೀರ್ ಬೆರ್ಸಿದ್ ಆಲ್ಗೆ ಎಲ್ಡ್ ಸತಿ ನೋಡ್ತೀರಿ. ನಾನ್ ಬೆರ್ಸ್ದೆ ಇರೋ ಆಲ್ಗೆ ಒಂದೇ ಸತೀನಾ?"

ಪೆನ್ನು ಕೆಳಗಿಟ್ಟೆ. ಅದೇ ಹಾಲನ್ನು ಇನ್ನೊಮ್ಮೆ ಸುರಿದೆ. ಕೊಬ್ಬು ನಾಲ್ಕೂವರೆ! ಅವಳ ಹಿಂದೆ ಅಷ್ಟರಲ್ಲಿ ಬಂದು ನಿಂತಿದ್ದ ಪಿಳ್ಳಪ್ಪನ ಹಾಲು ಸುರಿದೆ. ಮತ್ತೆ ನಾಲ್ಕೂವರೆ. ಇನ್ನೊಮ್ಮೆ ಸುರಿದಾಗ ಏಳು ದಾಟಿತು. "ಬಂತು ನೋಡು ನನ್ ಎಮ್ಮೆ!" ಎಂದು ಕೂಗಿದ.

ದರಿದ್ರದ ಕಾರ್ಡು. ಈಗಿನ ಪ್ರಶ್ನೆಗೆ ಹಿಂದಿನ ಉತ್ತರ ಕೊಡುತ್ತಿತ್ತು. ಒಬ್ಬರ ಹಾಲಿಗೆ ಮುಂದೆ ನಿಂತವರ ಅಂಕಿ. ಸಾಲಿನಲ್ಲಿ ತಳ್ಳಾಡಿದವರಿಗೆ ಇದು ಎರಡೇ ದಿನದಲ್ಲಿ ತಿಳಿದಿತ್ತು. ತಡವಾಗಿ ಬಂದವರೆಲ್ಲ ಯಾವುದೋ ಹಸುವಿನ, ಎಮ್ಮೆಯ ಹಾಲಿನ ನೆರಳಿನಲ್ಲಿ ಪಾರಾಗಿದ್ದರು. ನನ್ನ ಮಾತು ನಂಬಿ ದಿನಾ ಮೊದಲು ಬಂದವಳ ಮುಂದೆ ಇದ್ದವನು ಮಾತ್ರ ನಾನು, ನನ್ನ ನೀರಿನ ಲೋಟದೊಂದಿಗೆ.

ಆ ಬೆಳಿಗ್ಗೆ ಎಲ್ಲರ ಹಾಲನ್ನೂ ಎರಡೆರಡು ಸಲ ಸುರಿದು ಮುಗಿಸುವಾಗ ಒಂಬತ್ತಾಯಿತು. ಆಮೇಲೆ ಸೆಲ್ವರಾಜನನ್ನು ಕರೆಸಿದೆ. ಎರಡು ದಿನವೂ ಬೇಕಾಗಲಿಲ್ಲ, ಹೊಸ ಡ್ರೈವರೂ ಬೇಕಾಗಲಿಲ್ಲ. ನನ್ನದರಲ್ಲೇ ನಾಲ್ಕು ಸಾಲು ಸೇರಿಸಿದೆವು: ಈ ಕಾರ್ಡಾದರೆ ಎರಡು ಸಲ ಕೇಳು, ಮೊದಲನೆಯ ಉತ್ತರ ಬಿಸಾಕು, ಉಳಿದವಕ್ಕೆ ಹಳೆಯ ದಾರಿಯೇ. ಅವನು ಮಾನಿಟರ್ ನೋಡುತ್ತಲೇ, "ಒಂಥರಾ ಅಂತ ಹೇಳಿದ್ನಲ್ಲ ಸಾರ್" ಎಂದ. ಈ ಸಲ ಕಾಫಿ ಕುಡಿಸಿದ್ದು ಬಾಯಿ ಮುಚ್ಚಿಸಲು. ಪ್ರಯೋಜನವಾಗಲಿಲ್ಲ.

ಉಳಿದದ್ದು ಮೂರು ಕೆಂಪು ಚೀಟಿ. ಹರಿಯುವಂತಿಲ್ಲ, ಪುಸ್ತಕದ ಹಾಳೆಗೆ ನಂಬರಿದೆ. ಸುಳ್ಳೆನ್ನುವಂತೆಯೂ ಇಲ್ಲ, ಯಂತ್ರದೊಳಗೆ ನೀರು ಬೆರೆತ ಹಾಲು ಹೋದದ್ದು ನಿಜವೇ. ಆದ್ದರಿಂದ ಮೂರರಲ್ಲೂ ಮುನಿಯಮ್ಮನ ಹೆಸರಿಗೆ ಗೆರೆ ಎಳೆದು, ನೀರು ಬೆರೆಸಿದವರ ಹೆಸರು ಎಂಬಲ್ಲಿ ನನ್ನ ಪೂರ್ಣ ಹೆಸರು ಬರೆದು, ಕೆಳಗೆ ತನಿಖೆ ಮಾಡಿದವನ ಸಹಿಯನ್ನೂ ನಾನೇ ಹಾಕಿ, ಫೈಲು ಕಟ್ಟಿದೆ. ಆಗ ಗಂಟೆ ಹನ್ನೊಂದೂ ಹತ್ತು.