ನಮ್ಮ ಮನೆ ಜೆಂಟೀಲೈಜ್ ಆದದ್ದು

ನಮ್ಮ ಮನೆಯಲ್ಲಿ ಗುಟ್ಟು ಎಂಬುದೇ ಇಲ್ಲ. ಯಾಕೆಂದರೆ ಯಾರಿಗೂ ಮೆಲ್ಲಗೆ ಮಾತಾಡಲು ಬರುವುದಿಲ್ಲ. ನಾನು ಹಿಟ್ಟಿನ ಗಿರಣಿಯ ಮೇಸ್ತ್ರಿ. ಅಲ್ಲಿ ಯಂತ್ರಗಳೆಲ್ಲ ಒಟ್ಟಿಗೆ ಗುಡುಗುವಾಗ, ಕುಡಿಯಲು ನೀರು ಕೇಳುವುದಕ್ಕೂ ರಣಕಹಳೆ ಊದಿದಂತೆ ಕೂಗಬೇಕು. ಆ ಗಂಟಲು ಸಂಜೆ ನನ್ನ ಜೊತೆ ಮನೆಗೂ ಬರುತ್ತದೆ. ನನಗೆ ಪೈಪೋಟಿಯಾಗಿ ಹೆಂಡತಿ, ಅವಳಿಗೆ ಪೈಪೋಟಿಯಾಗಿ ಅವಳ ತಾಯಿ! ಪಕ್ಕದ ಮನೆಯವರು ನಮ್ಮ ಸಂಸಾರವನ್ನು ರೇಡಿಯೋದಂತೆ ಆಲಿಸುತ್ತ ಬಂದಿದ್ದಾರೆ. (ಒಮ್ಮೆ ನಾನು ಊರಲ್ಲಿಲ್ಲದಾಗ, "ಯಾಕೆ, ಇವತ್ತು ಕಾರ್ಯಕ್ರಮ ಇಲ್ವಾ?" ಎಂದು ವಿಚಾರಿಸಿದರಂತೆ.)

ಹೀಗಿರಲು, ಗಿರಣಿಯ ಯಜಮಾನರು ಪೇಟೆಯಲ್ಲಿ ಹಿಟ್ಟು ಮಾರಲು ಗಾಜಿನ ಬಾಗಿಲಿನ ಹೊಸ ಮಳಿಗೆ ತೆರೆಯುವವರಿದ್ದರು. ಅದಕ್ಕೊಬ್ಬ ಮ್ಯಾನೇಜರ್ ಬೇಕು. ಫ್ಯಾನು, ತಿರುಗುವ ಕುರ್ಚಿ, ಮೂಗಿಗೆ ಹಿಟ್ಟು ಹೋಗದ ಬಾಳು! "ಭಾನುವಾರ ನಿಮ್ಮನೆಗೆ ಟೀಗೆ ಬರ್ತೀನಿ, ಮಾತಾಡೋಣ" ಎಂದು ಯಜಮಾನರು ನನ್ನ ಕಿವಿಯಲ್ಲಿ ಕಿರುಚಿದರು.

ಅಂದೇ ಸಂಜೆ, ಮಂಚದ ಕುಂಟುಗಾಲಿಗೆ ಆಸರೆಯಾಗಿದ್ದ ಇಂಗ್ಲಿಷ್ ನಿಘಂಟನ್ನು ಹೊರಗೆಳೆದೆ. ಮ್ಯಾನೇಜರನಾಗುವವನಿಗೆ ನಾಲ್ಕು ದೊಡ್ಡ ಪದಗಳಾದರೂ ಬೇಡವೇ? ಪುಟ ಮಗುಚುವಾಗ ಸಿಕ್ಕಿತು, ಯಾರೂ ಬಳಸದ ಒಂದು ಕ್ರಿಯಾಪದ: ಜೆಂಟೀಲೈಜ್. ಒರಟನ್ನು ನಯಗೊಳಿಸು, ನಾಜೂಕು ಮಾಡು, ಸಭ್ಯರ ಸಾಲಿಗೆ ಸೇರಿಸು. ಮಾಡುವವನೊಬ್ಬ, ಮಾಡಿಸಿಕೊಳ್ಳುವವನೊಬ್ಬ ಇರಬೇಕಾದ ಪದ. ಮಾಡುವವನು ನಾನೇ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯ ಬರಲಿಲ್ಲ.

"ಲೇ, ನಾಳೆಯಿಂದ ನಿನ್ನ ಜೆಂಟೀಲೈಜ್ ಮಾಡ್ತೀನಿ!" ಎಂದು ಕೂಗಿದೆ.

"ಮಾಡಿ ನೋಡಿ, ಗೊತ್ತಾಗುತ್ತೆ! ಹಾಗಂದ್ರೇನು?" ಎಂದು ಅಡುಗೆಮನೆ ಗರ್ಜಿಸಿತು.

"ಗೋಧಿ ಹಿಟ್ಟನ್ನ ಜರಡಿ ಹಿಡಿದು ನಯ ಮಾಡಲ್ವಾ, ಹಾಗೆ."

"ಅಂದ್ರೆ ನಾನು ಬೂಸಾ ಅನ್ನಿ!"

"ಅಳಿಯಂದ್ರೇ, ಅದನ್ನ ಮೊದ್ಲು ನಿಮ್ಮ ಗೊರಕೆಗೆ ಮಾಡಿ!" ಎಂದರು ಅತ್ತೆ.

ಆದರೂ ತಿರುಗುವ ಕುರ್ಚಿಯ ಆಸೆ ತೋರಿಸಿ ಇಬ್ಬರನ್ನೂ ಒಪ್ಪಿಸಿದೆ. ಸೊರ್ ಎಂದು ಟೀ ಹೀರುವ ಅತ್ತೆಯ ಸಾಸರನ್ನು ಜಪ್ತಿ ಮಾಡಿದೆ. ಮಾತು ಹೂವಿನ ಎಸಳು ಉದುರಿದಂತಿರಬೇಕೆಂದು ಫರ್ಮಾನು ಹೊರಡಿಸಿದೆ.

"ಹೀಗೆ ಪಿಸುಗುಟ್ಟಿದ್ರೆ ನಿಮ್ಮನ್ನ ಬಯ್ಯೋದು ಹೇಗ್ರೀ?" ಎಂದಳು ಹೆಂಡತಿ.

"ಬಯ್ಯಬಾರದು. 'ನನಗೆ ತುಸು ಬೇಸರವಾಗಿದೆ' ಅನ್ನಬೇಕು."

ವಾರದೊಳಗೆ ಮನೆ ಎಷ್ಟು ನಯವಾಯಿತೆಂದರೆ, ಯಾರಿಗೋ ಏನೋ ಆಗಿದೆ ಎಂದು ಪಕ್ಕದ ಮನೆಯವರು ಗಾಬರಿಯಿಂದ ಬಂದು ಹೋದರು.

ಭಾನುವಾರ ಯಜಮಾನರು ಬಂದರು. "ದಯಮಾಡಿಸಬೇಕು" ಎಂದೆ ರೇಷ್ಮೆಯ ದನಿಯಲ್ಲಿ. ಅವರು ಹೊಸ್ತಿಲಲ್ಲೇ ನಿಂತರು. ಕೈ ಹಿಡಿದು ಕೂರಿಸಿದೆ.

"ಮಳಿಗೇನ ಹೇಗೆ ನಡೆಸ್ತೀರಿ, ಹೇಳಿ!" ಎಂದು ಅಬ್ಬರಿಸಿದರು.

ನಾನು ತುಟಿ ಮಾತ್ರ ಅಲುಗುವಂತೆ ನನ್ನ ಯೋಜನೆಯನ್ನೆಲ್ಲ ಅರುಹಿದೆ. ಅವರು ನನ್ನ ಬಾಯನ್ನೇ ದಿಟ್ಟಿಸಿದರು. "ಗಂಟಲು ಕಟ್ಟಿದೆಯಾ?"

"ತಮ್ಮ ಕೃಪೆಯಿಂದ ಕ್ಷೇಮ" ಎಂದು ಉಸುರಿದೆ. ಅವರು ಅತ್ತೆಯತ್ತ ತಿರುಗಿದರು. ಅತ್ತೆ ಸಾಸರಿನ ವಿರಹದಲ್ಲೂ ಎಸಳಿನಂತೆ ಏನೋ ಉದುರಿಸಿದರು. ಯಜಮಾನರ ಮುಖ ಕೆಂಪಾಯಿತು.

"ಏನ್ರೀ, ಮನೆಗೆ ಬಂದವನ ಮುಂದೆ ಎಲ್ಲಾ ಸೇರಿ ಮೂಕಾಟ ಆಡ್ತೀರಾ?" ಎಂದು ಎದ್ದೇಬಿಟ್ಟರು.

ನನ್ನ ಹೆಂಡತಿಯ ವಾರದ ತಪಸ್ಸು ಅಲ್ಲಿಗೆ ಮುಗಿಯಿತು. "ಅಯ್ಯೋ, ಕೂತ್ಕೊಳ್ಳಿ ಯಜಮಾನ್ರೇ! ಟೀ ಆರೋಗುತ್ತೆ! ಇವ್ರ ತಲೆಗೆ ಅದೇನೋ ಹೊಕ್ಕು ನಮ್ಮೆಲ್ಲರ ಬಾಯಿ ಹೊಲಿದಿದ್ದಾರೆ!" ಕಿಟಕಿಯ ಗಾಜು ನಡುಗಿತು. ಯಜಮಾನರ ಮುಖ ಅರಳಿತು.

"ಆಹಾ! ಈಗ ಕೇಳಿಸ್ತು ನೋಡಮ್ಮಾ!"

ಆಗ ನನಗೆ ಜ್ಞಾನೋದಯವಾಯಿತು. ಯಂತ್ರಗಳ ನಡುವೆಯೇ ಮುದುಕರಾದ ಯಜಮಾನರ ಕಿವಿ ಯಾವಾಗಲೋ ಮಂದವಾಗಿತ್ತು. ಗಿರಣಿಯಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದರಿಂದ ಅದು ಯಾರಿಗೂ ಗೊತ್ತಾಗಿರಲಿಲ್ಲ. (ಬಹುಶಃ ಅವರಿಗೂ.)

ಆಮೇಲೆ ಯಜಮಾನರು, ನನ್ನ ಹೆಂಡತಿ, ಇಬ್ಬರದೇ ದರ್ಬಾರು. "ಹಿಟ್ಟನ್ನ ಬೆರಳಲ್ಲಿ ಉಜ್ಜಿ ನೋಡ್ದೆ ಯಾರು ಕೊಳ್ತಾರೆ? ಬಾಗಿಲಲ್ಲೇ ಒಂದು ತಟ್ಟೇಲಿ ಇಡಿ!" ಎಂದು ಇವಳು ಕೂಗಿದಳು. ಅವರು ತೊಡೆ ತಟ್ಟಿ ಮೆಚ್ಚಿದರು. ಗದ್ದಲದಲ್ಲಿ ಅತ್ತೆ ಸಾಸರನ್ನು ಬಿಡುಗಡೆ ಮಾಡಿಕೊಂಡರು. ಹೊರಡುವಾಗ ಯಜಮಾನರು, "ಮೇಸ್ತ್ರಿ, ಮ್ಯಾನೇಜರ್ ಸಿಕ್ಕಿದ್ರು!" ಎಂದರು. ನಾನು ಎದೆಯುಬ್ಬಿಸಿದೆ. ಅವರು ನನ್ನನ್ನು ದಾಟಿ ಮುಂದೆ ಹೋಗಿ, "ತಾಯೀ, ನಾಳೆಯಿಂದಲೇ ಬನ್ನಿ" ಎಂದು ನನ್ನ ಹೆಂಡತಿಗೆ ಕೈಮುಗಿದರು.

ಈಗ ಕುರ್ಚಿಯಲ್ಲಿ ತಿರುಗುವವಳು ಅವಳು. ಯಜಮಾನರು ಬಂದಾಗ ಮಾತ್ರ ಕಹಳೆ. ಗಿರಾಕಿಗಳೊಡನೆ ನಾನು ಕಲಿಸಿದ್ದೇ ಎಸಳಿನ ದನಿ. ನಿನ್ನೆ ಹಿಟ್ಟಿನ ಮೂಟೆ ಹೊತ್ತು, ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ, ನಾನು ಗಾಜಿನ ಬಾಗಿಲು ತಳ್ಳಿದೆ. ಅವಳು ತಲೆಯೆತ್ತಿ ಮುಗುಳ್ನಕ್ಕಳು.

"ರೀ, ಗಿರಾಕಿಗಳಿದ್ದಾರೆ. ಹಿಂಬಾಗಿಲಿಂದ ಬನ್ನಿ. ಅದಕ್ಕೂ ಮುಂಚೆ ಸ್ವಲ್ಪ ಜೆಂಟೀಲೈಜ್ ಆಗಿ."

ನನ್ನ ಗಂಟಲಿಗೆ ಗುಡುಗೇ ಬಂದಿತ್ತು. ಗಿರಾಕಿಗಳೆಲ್ಲ ನನ್ನನ್ನೇ ನೋಡುತ್ತಿದ್ದರು.

"ನನಗೆ ತುಸು ಬೇಸರವಾಗಿದೆ" ಎಂದು ಪಿಸುಗುಟ್ಟಿ, ಮೂಟೆಯೊಂದಿಗೆ ಹಿಂಬಾಗಿಲಿಗೆ ನಡೆದೆ.