ಸಣಕಲು ಅಕ್ಷರದ ಬೋರ್ಡು

ಕನ್ನಡಕದವನ ಹೊಸ ಅಂಗಡಿ, ಹಾಸಿಗೆ ಅಂಗಡಿಗೂ ಬೀಗದ ಅಂಗಡಿಗೂ ನಡುವೆ, ತುಂಬಿದ ಬಸ್ಸಿನಲ್ಲಿ ಮೂರನೆಯವನಾಗಿ ಕೂತವನ ಹಾಗೆ ಉಸಿರು ಬಿಗಿಹಿಡಿದು ನಿಂತಿತ್ತು. ಬಾಗಿಲ ಮೇಲೆ ಬೋರ್ಡಿಗೆ ಸಿಕ್ಕಿದ್ದು ಎರಡು ಮೊಳ ಜಾಗ. ಅವನಿಗೋ ‘ಉಚಿತ ಕಣ್ಣಿನ ಪರೀಕ್ಷೆ ಹಾಗೂ ತರಹೇವಾರಿ ಕನ್ನಡಕಗಳು’ ಎಂದು ಒಂದೇ ಸಾಲಿನಲ್ಲಿ ಬೇಕು.

“ಹಿಡಿಸ್ತೀನಿ ಬಿಡಿ,” ಎಂದ ಪೇಂಟರು. “ನನ್ನ ಅಕ್ಷರ ಉದ್ದಕ್ಕೆ ಬೆಳೆಯುತ್ತೆ, ಅಗಲಕ್ಕಲ್ಲ. ಲಾರಿ ಬಾಗಿಲ ಮೇಲೆ ಮೂರು ತಲೆಮಾರಿನ ಹೆಸರು ಕೂರಿಸಿದೀನಿ.”

ಇದನ್ನೂ ಕೂರಿಸಿಬಿಟ್ಟ. ಗುಂಡಗಿರಬೇಕಾದ ಅಕ್ಷರಗಳೆಲ್ಲ ಫೋಟೋಗೆ ನಿಂತವರ ಹಾಗೆ ಹೊಟ್ಟೆ ಒಳಗೆಳೆದುಕೊಂಡು ಸೆಟೆದವು. ಒತ್ತಕ್ಷರಗಳು ಮೇಲಿನವುಗಳ ಕಾಲಿಗೆ ಜೋತುಬಿದ್ದವು. ಹತ್ತಿರದಿಂದ ಚೆಲುವೋ ಚೆಲುವು; ರಸ್ತೆಯಾಚೆಯಿಂದ ಬರೀ ಬಾಚಣಿಗೆ.

ದೊಡ್ಡ ಅಂಗಡಿಯ ಕೆಲಸ ಬಿಟ್ಟು, ಧಣಿಗೆ ನಾಲ್ಕು ಮಾತು ಅಂದು ಬಂದವನು ಕನ್ನಡಕದವನು. ವಾಪಸು ಹೋಗುವ ಹಾಗಿರಲಿಲ್ಲ. ಹಾಗಾಗಿ ಬಾಗಿಲು ತೆಗೆದ ಕೂಡಲೇ ಒಬ್ಬಾಕೆ ಗಂಡನ ತೋಳು ಹಿಡಿದು ಎಳೆತಂದಾಗ ಅವನ ಎದೆ ಅರಳಿತು.

“ಇವರಿಗೆ ನಿಮ್ಮ ಬೋರ್ಡೇ ಓದೋಕಾಗ್ತಿಲ್ಲ. ಸ್ವಲ್ಪ ನೋಡಿ.”

ಗಂಡ ಗೋಡೆಯ ಪಟ್ಟಿಯಲ್ಲಿ ಇರುವೆಯಷ್ಟಿದ್ದ ಕೊನೆಯ ಸಾಲನ್ನೂ ಗಡಗಡ ಓದಿದ.

“ಕಣ್ಣು ಚೆನ್ನಾಗಿದೆಯಮ್ಮ.”

“ಹಾಗಾದ್ರೆ ಮನೇಲಿ ಕಸ ಕಾಣಲ್ಲ ಅನ್ನೋದು ನಾಟಕ,” ಎಂದಳು ಆಕೆ. ಗಂಡ ಕನ್ನಡಕದವನನ್ನು ನುಂಗುವ ಹಾಗೆ ನೋಡಿಕೊಂಡು ಹೊರಟ.

ಆಮೇಲೆ ಸಾಲೇ ಹತ್ತಿತು. ಬೋರ್ಡು ಓದಲಾಗದೆ ಗಾಬರಿಬಿದ್ದು ಬಂದವರೇ ಎಲ್ಲ. ಒಬ್ಬರ ಕಣ್ಣಿಗೂ ಐಬಿಲ್ಲ. ಮಧ್ಯಾಹ್ನದ ಹೊತ್ತಿಗೆ ‘ಕಣ್ಣು ಚೆನ್ನಾಗಿದೆ’ ಎಂದು ಹೇಳಿ ಹೇಳಿ ಅವನಿಗೆ ಸಾಕಾಗಿತ್ತು. ಕನ್ನಡಕ ಒಂದೂ ಕದಲಿರಲಿಲ್ಲ.

“ಯಾವುದೋ ಒಂದು ಗಾಜು ಹಾಕಿ ಕೊಡಿ ಸ್ವಾಮಿ, ನೋಡೋರ್ಯಾರು?” ಎಂದ ಬೀಗದವನು.

“ಹಾಕ್ಕೊಂಡೋರೇ ನೋಡ್ತಾರಲ್ಲ,” ಎಂದ ಇವನು.

ಹಾಸಿಗೆಯವನು ಇಣುಕಿದ. “ಬೋರ್ಡು ಬದಲಾಯಿಸಿ ಮಾರಾಯ್ರೆ. ದೂರದಿಂದ ಕಂಡ್ರೆ ಕೊಳ್ಳೋರು ಬರ್ತಾರೆ.”

ಕನ್ನಡಕದವನ ಹೆಂಡತಿಯೂ ಊಟದ ಡಬ್ಬಿ ಇಡುತ್ತ ಅದನ್ನೇ ಹೇಳಿದಳು. ಪೇಂಟರಿಗೆ ಬುಲಾವು ಹೋಯಿತು.

“ನಾಜೂಕಾದ ಅಕ್ಷರಗಳು. ಕೊಲ್ಲಿಸ್ತಿದೀರಿ,” ಎಂದು ಗೊಣಗುತ್ತಲೇ ಅವನು ಎಲ್ಲ ಅಳಿಸಿ, ಜಾಗವಿದ್ದಷ್ಟು ಬರೆದ: ಕನ್ನಡಕ. ನಾಲ್ಕೇ ಅಕ್ಷರ, ಒಂದೊಂದೂ ಪಕ್ಕದಂಗಡಿಯ ದಿಂಬಿನಷ್ಟು ದಪ್ಪ.

ಸಂಜೆ ಕನ್ನಡಕದವನು ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತ. ಜನ ರಸ್ತೆಯಾಚೆ ನಿಂತು ಓದಿದರು, ನಿರಾಳವಾಗಿ ಮುಂದೆ ಹೋದರು. ಒಳಗೆ ಒಂದು ನೊಣವೂ ಬರಲಿಲ್ಲ.

ಕೊನೆಗೊಬ್ಬ ಮುದುಕಪ್ಪ ನಿಂತು, ಕತ್ತೆತ್ತಿ, “ಕ-ನ್ನ-ಡ-ಕ,” ಎಂದು ಜೋರಾಗಿ ಓದಿದ. ಮುಖ ಬೆಳಗಿತು.

“ನೋಡಿದ್ಯಾ? ಬೆಳಿಗ್ಗೆ ಬರೀ ಗೀಟು ಕಾಣ್ತಿತ್ತು, ಕನ್ನಡಕ ತಗೊಳ್ಳೋಣ ಅಂತಿದ್ದೆ. ಈಗ ಕಣ್ಣು ತಾನಾಗೇ ಸರಿಹೋಗಿದೆ,” ಎಂದು ಪಕ್ಕದ ಅಂಚೆಪೆಟ್ಟಿಗೆಗೆ ಹೇಳಿ, ಅದರ ಹೆಗಲು ತಟ್ಟಿ, “ಬರ್ತೀನಪ್ಪ, ಮನೇಲಿ ಎಲ್ಲರನ್ನೂ ಕೇಳ್ದೆ ಅಂತ ಹೇಳು,” ಎಂದು ನಡೆದೇಬಿಟ್ಟ.