ಹತ್ತು ಪೌಂಡಿನ ಹಬೆ

ನಾನು ಯಾರನ್ನೂ ಸುಲಭವಾಗಿ ನಂಬುವವನಲ್ಲ. ವಿಶ್ವವಿದ್ಯಾಲಯ ಕಲಿಸಿದ್ದರಲ್ಲಿ ನನ್ನ ಬಳಿ ಉಳಿದಿರುವುದು ಅದೊಂದೇ. ಎಲ್ಲರಿಗಿಂತ ಕಡಿಮೆ ನಂಬುವುದು ನನ್ನ ನೆನಪನ್ನು. ಕದ್ರಿಯಿಂದ ಇಳಿದು ಬಿಜೈ ಮುಟ್ಟುವಷ್ಟರಲ್ಲಿ ಮನೆಗೆ ಬೀಗ ಹಾಕಿದೆನೇ ಎಂಬ ಅನುಮಾನ ಹುಟ್ಟುತ್ತದೆ. ಒಮ್ಮೆ ಹಿಂದಕ್ಕೆ ಹೋಗಿ ನೋಡಿದರೆ ಬೀಗವೂ ಇತ್ತು, ಬೀಗದ ಒಳಗೆ ಹೆಂಡತಿಯೂ ಇದ್ದಳು.

ಇಂಥ ನನ್ನನ್ನು ಒಂದು ಆಸ್ಪತ್ರೆಯವರು ಬಾಯ್ಲರ್ ನೋಡಿಕೊಳ್ಳಲು ಇಟ್ಟುಕೊಂಡಿದ್ದರು. ಬಟ್ಟೆ ಒಗೆಯುವ ಕೋಣೆಗೆ ಎಂಬತ್ತು ಪೌಂಡು ಒತ್ತಡದ ಹಬೆ ಹೋಗುತ್ತಿತ್ತು. ಅದೇ ಹಬೆ ಅಡುಗೆಮನೆಯ ಎರಡು ಪದರದ ಹಂಡೆಗೆ ಬರುವಾಗ ಹತ್ತಕ್ಕೆ ಇಳಿಯಬೇಕು. ಇಳಿಸುವುದಕ್ಕೆ ನಡುವೆ ಒಂದು ವಾಲ್ವು, ಅದರ ತಲೆಯ ಮೇಲೆ ಒಂದು ತಿರುಪು. ಇಪ್ಪತ್ತು ದಾಟಿದರೆ ಹಂಡೆ ಒಡೆದೀತು. ಒಡೆದರೆ ಪಕ್ಕದಲ್ಲೇ ನಿಂತಿರುವವರು ಅಡುಗೆಯ ಫಿಲ್ಲುಬಾಯಿ. ಬೆಳಿಗ್ಗೆ ನಾನು ಹತ್ತಕ್ಕೆ ಇಟ್ಟು ಹೋದರೆ, ಮರಳಿ ಬರುವಾಗ ಒತ್ತಡ ಅಳೆಯುವ ಗೇಜು ಹದಿನೆಂಟು ತೋರಿಸುತ್ತಿತ್ತು. ಇಡಲು ಮರೆತೆನೆಂದು ನನ್ನನ್ನೇ ಬೈದುಕೊಂಡು ಇಳಿಸುತ್ತಿದ್ದೆ.

ಒಂದು ದಿನ ಹಬೆ ಮಿತಿ ಮೀರಿ, ಅದನ್ನು ಹೊರಬಿಡಲು ಹಂಡೆಗಿದ್ದ ಸೇಫ್ಟಿ ವಾಲ್ವು ಕಿರುಚಿಕೊಂಡಿತು. ಓಡಿ ಬಂದು ನೋಡಿದರೆ ಫಿಲ್ಲುಬಾಯಿ "ಜೆಜು ಮರೀ!" ಎಂದು ಯೇಸುವನ್ನೂ ಮಾತೆಯನ್ನೂ ಒಟ್ಟಿಗೆ ಕರೆಯುತ್ತ ತಿರುಪನ್ನು ಬಲಕ್ಕೆ ತಿರುಗಿಸುತ್ತಿದ್ದಾರೆ. ತಿರುಗಿಸಿದಷ್ಟೂ ಕಿರುಚಾಟ ಹೆಚ್ಚುತ್ತಿದೆ.

"ಎಡಕ್ಕೆ ಫಿಲ್ಲುಬಾಯಿ, ಎಡಕ್ಕೆ!"

"ಹುಚ್ಚುಂಟಾ ನಿಮಗೆ? ನಾನು ಬಂದ್ ಮಾಡ್ತಾ ಇದ್ದೇನೆ ಮಾರಾಯ್ರೆ!"

ಅವರನ್ನು ಬದಿಗೆ ಸರಿಸಿ ಎಡಕ್ಕೆ ತಿರುಗಿಸಿದೆ. ಸದ್ದು ಅಡಗಿತು. ಬಲಕ್ಕೆ ತಿರುಗಿಸಿದರೆ ಒಳಗಿನ ಸ್ಪ್ರಿಂಗು ಬಿಗಿಯಾಗಿ ಹಬೆ ಹೆಚ್ಚುತ್ತದೆ ಎಂದು ವಿವರಿಸಿದೆ.

"ಊರಿನ ನಳ್ಳಿ ಎಲ್ಲ ಬಲಕ್ಕೆ ಬಂದ್ ಆಗ್ತದೆ. ಇದಕ್ಕೆ ಮಾತ್ರ ಎಂತ ರೋಗ? ನಾನು ದಿನಾ ಜಾಗ್ರತೆಗೆ ಅಂತ ಸ್ವಲ್ಪ ಬಂದ್ ಮಾಡಿ ಇಡ್ತಿದ್ದೆ. ನಿಮ್ಮನ್ನು ನಂಬ್ಲಿಕ್ಕೆ ಆಗ್ತದಾ?"

"ಬಂದ್ ಮಾಡಿದ ಮೇಲೆ ಕುಚ್ಚಲಕ್ಕಿ ಬೇಗ ಬೇಯುವುದು ಕಂಡು ಅನುಮಾನ ಬರಲಿಲ್ಲವೇ?"

"ಅನ್ನ ಬೆಂದರೆ ಯಾರಾದರೂ ಅನುಮಾನ ಪಡ್ತಾರಾ?"

ನನಗೆ ಸಿಟ್ಟಿಗಿಂತ ಸಂತೋಷವೇ ಹೆಚ್ಚಾಯಿತು. ನನ್ನ ನೆನಪು ಸರಿಯಾಗಿತ್ತು! ಎದೆಯುಬ್ಬಿಸಿ, "ಇನ್ನು ಹತ್ತೇ" ಎಂದು ಅಪ್ಪಣೆ ಕೊಟ್ಟೆ.

"ಹತ್ತರಲ್ಲಿ ಬೇಯಬೇಕಾದ್ರೆ ಒಂದು ಗಂಟೆ ಮೊದಲೇ ಹಬೆ ಬಿಡ್ಬೇಕು. ರೋಗಿಗಳ ಗಂಜಿ ಕಾಯುದಿಲ್ಲ."

"ಬಿಡಿ."

"ನಾನಾ? ನಾನಿನ್ನು ಅದನ್ನು ಮುಟ್ಟುದಿಲ್ಲ. ನೀವೇ ಬನ್ನಿ."

ಹೀಗಾಗಿ ಈಗ ಕದ್ರಿಯ ಕಾಗೆಗಳಿಗಿಂತ ಮೊದಲು ಏಳುವವನು ನಾನು. ಫಿಲ್ಲುಬಾಯಿ ನಿಧಾನವಾಗಿ ಬಂದು ಬಾಗಿಲಲ್ಲೇ ನಿಂತು, "ಹತ್ತೇ ಅಲ್ವಾ?" ಎಂದು ಕೇಳುತ್ತಾರೆ. "ಹತ್ತೇ" ಎನ್ನುತ್ತೇನೆ, ಗಟ್ಟಿ ದನಿಯಲ್ಲಿ. ಆ ಮಾತು ಬಾಯಿಂದ ಹೊರಬೀಳುವಷ್ಟರಲ್ಲಿ ಕಾಲು ಗೇಜಿನ ಕಡೆಗೆ ಹೊರಟಿರುತ್ತದೆ.